ಅಳಿವೆಗಳಲ್ಲಿ ಒಂಟಿ ದೋಣಿ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಘದ ಕಾರ್ಯದರ್ಶಿಗಳು ನನ್ನಲ್ಲಿಗೆ ಬಂದು ವಾರ್ಷಿಕೋತ್ಸವದಂದು ಒಂದು ಉಪನ್ಯಾಸವನ್ನು ಕೊಡಬೇಕೆಂದು ಕೇಳಿದಾಗ, ಕನ್ನಡ ಪಂಡಿತನಾದವನು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತಾಡುವನೆಂದೇ ನಿರೀಕ್ಷಿಸಿದ್ದರು. ದೋಣಿಯ ವಿಷಯವಾಗಿ ಮಾತಾಡುವೆನೆಂದು ನಾನು ಹೇಳಲು, ಅವರು ಕ್ಷಣಕಾಲ ನನ್ನ ಮುಖವನ್ನೇ ನೋಡಿ, 'ಕಾವ್ಯಗಳಲ್ಲಿ ನೌಕಾವರ್ಣನೆಯೊ?' ಎಂದು ಕೇಳಿದರು. ಅಲ್ಲ, ನಿಜವಾದ ದೋಣಿ. ಹನ್ನೊಂದು ಅಡಿ ಉದ್ದದ್ದು, ಒಬ್ಬನೇ ಕುಳಿತು ನಡೆಸತಕ್ಕದ್ದು, ನನ್ನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿರುವುದು ಎಂದು ವಿವರಿಸಬೇಕಾಯಿತು. ನಮ್ಮ ಈ ಕಾಸರಗೋಡು ಸೀಮೆಯ ಹೊಳೆಗಳಲ್ಲಿಯೂ ಅಳಿವೆಗಳಲ್ಲಿಯೂ ಕೆಲವು ವರ್ಷಗಳಿಂದ ರಜೆಯ ದಿನಗಳಲ್ಲಿ ನಾನು ಆ ದೋಣಿಯೊಡನೆ ಅಲೆದಿರುವೆನು. ಅಲ್ಲಿ ಕಂಡುದರಲ್ಲಿ ಕೆಲವಂಶವು ನನ್ನ ಸ್ವಂತ ವಿನೋದಕ್ಕೆ ಸಂಬಂಧಪಟ್ಟದ್ದು. ಅದನ್ನು ಹೇಳಿ ತಮ್ಮ ವೇಳೆಯನ್ನು ಕಳೆಯುವುದಿಲ್ಲ. ಇನ್ನು ಕೆಲವಂಶವು ಈ ಸಂಘಕ್ಕೆ ಸೇರಿದ್ದು, ತಡಮಾಡಿದರೆ ಕೈತಪ್ಪಿಹೋಗುವಂಥದ್ದು. ಅದನ್ನು ಅರಿಕೆ ಮಾಡಿಕೊಳ್ಳುವುದಕ್ಕಾಗಿಯೇ ಈ ವಿಷಯವನ್ನು ಆರಿಸಿಕೊಂಡೆನು.

ಈ ದೋಣಿಗೆ ಕಯಾಕ್ ಎಂದು ಹೆಸರು. ಹೆಸರು ನಮ್ಮದಲ್ಲ, ಆಂಗ್ಲರದೂ ಅಲ್ಲ. ಉತ್ತರ ಧ್ರುವದ ಸಮೀಪದ ಹಿಮಪ್ರದೇಶದಲ್ಲಿ ವಾಸಿಸುವ ಇನುಯಿಟ್ ಜನರದು. ಮರವೇ ಬೆಳೆಯದ ಆ ನಾಡಿನಲ್ಲಿ ಅವರು ಕಡಲು ತಂದೆಸೆದ ಮರದ ತುಂಡುಗಳಿಂದಲೋ ತಿಮಿಂಗಿಲದ ಎಲುಬಿನಿಂದಲೋ ಹಂದರವನ್ನು ಕಟ್ಟಿ, ಸೀಲ್ ಎಂಬ ಜಲಚರದ ಚರ್ಮವನ್ನು ಅದರ ಮೇಲೆ ಹೊದಿಸಿ ಹೊಲಿದು, ಬೇಟೆಗೆ ಹೊರಡುತ್ತಿದ್ದರು. ಚರ್ಮದ ದೋಣಿ ಎಂದೊಡನೆ ನಮ್ಮವರಿಗೆ ಹರಿಗೋಲಿನ ನೆನಪಾಗಬೇಕು. ತುಂಗಭದ್ರೆಯಲ್ಲಿಯೂ ಕಾವೇರಿಯಲ್ಲಿಯೂ ಬಿದಿರಿನ ಹೆಣಿಗೆಗೆ ತೊಗಲನ್ನು ಹೊದಿಸಿದ ಹರಿಗೋಲುಗಳೇ ಬಹುಕಾಲ ಜನರನ್ನು ದಾಟಿಸಿದುವು. ಒಂದು ಗುಂಡಗೆ, ಇನ್ನೊಂದು ನೀಳ. ಉಪಾಯ ಮಾತ್ರ ಒಂದೇ. 1865ರಲ್ಲಿ ಜಾನ್ ಮ್ಯಾಕ್‌ಗ್ರೆಗರ್ ಎಂಬ ವಕೀಲನು ಇದೇ ರೀತಿಯ ಪುಟ್ಟ ದೋಣಿಯೊಂದರಲ್ಲಿ ಒಬ್ಬನೇ ಯೂರೋಪಿನ ನದಿಗಳಲ್ಲಿ ಸಂಚರಿಸಿ, ಮರುವರ್ಷ ಆ ಪ್ರವಾಸವನ್ನು ಪುಸ್ತಕವಾಗಿ ಅಚ್ಚುಹಾಕಿಸಿದ ಮೇಲೆ ಇದು ವಿನೋದದ ಸಾಧನವಾಗಿ ಹಬ್ಬಿತು. ನನ್ನದು ಪ್ಲಾಸ್ಟಿಕ್ಕಿನದು. ಮೇಲೆಯೇ ಕುಳಿತುಕೊಳ್ಳತಕ್ಕ ಜಾತಿಯದು; ಒಳಕ್ಕೆ ಬಿದ್ದ ನೀರು ತಳದ ರಂಧ್ರಗಳಿಂದ ತಾನಾಗಿ ಇಳಿದುಹೋಗುವುದು. ಎರಡು ತುದಿಗಳಲ್ಲಿಯೂ ಅಲಗುಳ್ಳ ಒಂದೇ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತ ಹೋದರೆ ಗಂಟೆಗೆ ನಾಲ್ಕೈದು ಕಿಲೋಮೀಟರು ಸಾಗಬಹುದು. ಹೆಬ್ಬಲಸಿನ ಮರವನ್ನು ಕೊರೆದು ಮಾಡಿದ ನಮ್ಮ ಹಳೆಯ ದೋಣಿಯ ಅಂದ ಇದಕ್ಕಿಲ್ಲ. ಆದರೆ ಆ ದೋಣಿಯನ್ನು ಒಬ್ಬನೇ ಹೊತ್ತುಕೊಂಡು ನೀರಿಗಿಳಿಸುವುದು ಸಾಧ್ಯವಿಲ್ಲ, ಇದನ್ನು ಸಾಧ್ಯ.

ನೀರಿಗಿಳಿಸುವ ಮುನ್ನ ನಾನು ಪಂಚಾಂಗವನ್ನು ತೆರೆಯುವೆನು. ಪಂಡಿತನು ದೋಣಿಗೂ ರಾಹುಕಾಲವನ್ನು ನೋಡುವನೆಂದು ಯಾರೂ ನಗಬಾರದು; ನಾನು ನೋಡುವುದು ತಿಥಿಯನ್ನು. ಕಡಲಿನ ನೀರು ದಿನಕ್ಕೆ ಎರಡಾವರ್ತಿ ಏರಿ ಎರಡಾವರ್ತಿ ಇಳಿಯುವುದನ್ನು ತೀರದಲ್ಲಿರುವ ತಾವೆಲ್ಲರೂ ಬಲ್ಲಿರಿ. ಒಂದು ಭರತದಿಂದ ಇನ್ನೊಂದು ಭರತಕ್ಕೆ ಸರಾಸರಿ 12 ಗಂಟೆ 25 ನಿಮಿಷ. ಆದುದರಿಂದ ಇಂದು ಬೆಳಗ್ಗೆ 7 ಗಂಟೆಗೆ ನೀರು ತುಂಬಿದರೆ ನಾಳೆ ತುಂಬುವುದು ಸುಮಾರು 7 ಗಂಟೆ 50 ನಿಮಿಷಕ್ಕೆ. ಇದನ್ನು ನಮ್ಮ ಮಾನದಲ್ಲಿ ಹೇಳುವುದಾದರೆ, ಘಳಿಗೆಗೆ 24 ನಿಮಿಷದಂತೆ, ತಿಥಿಗೆ ಎರಡು ಘಳಿಗೆ ಮತ್ತು ಅದರ ಮೇಲೆ ಚಿಟಿಕೆಯಷ್ಟು. ಅಮಾವಾಸ್ಯೆ ಹುಣ್ಣಿಮೆಗಳಂದು ಮತ್ತು ಅವುಗಳ ಮರುದಿನ, ಮೂರನೆಯ ದಿನ ಏರಿಳಿತ ದೊಡ್ಡದು; ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದು. ಈ ಲೆಕ್ಕವನ್ನು ನನಗೆ ಕಲಿಸಿದವರು ಒಬ್ಬ ವೃದ್ಧ ಅಂಬಿಗರು. ಅವರಿಗೆ ಓದುಬರಹ ಬಾರದು. ಇಂದು ಏಕಾದಶಿ ಎಂದು ಒಂದು ಮಾತು ಹೇಳಿದರೆ ಸಾಕು, ಯಾವ ಕಡವಿನಲ್ಲಿ ಎಷ್ಟು ಹೊತ್ತಿಗೆ ನೀರು ನಿಲ್ಲುವುದು, ಎಷ್ಟು ಹೊತ್ತಿಗೆ ಮಗುಚುವುದು ಎಂಬುದನ್ನು ಬೆರಳುಗಂಟುಗಳ ಮೇಲೆ ಎಣಿಸಿ ಹೇಳುತ್ತಿದ್ದರು. ಅಳಿವೆಯ ಬಾಗಿಲಲ್ಲಿ ಭರತ ತುಂಬಿ ಇಳಿತ ತೊಡಗಿದ ಮೇಲೆಯೂ ಒಳಹೊಳೆಯಲ್ಲಿ ನೀರು ಇನ್ನೂ ಏರುತ್ತಲೇ ಇರುವುದು. ಈ ವ್ಯತ್ಯಾಸವು ಯಾವ ಪಂಚಾಂಗದಲ್ಲಿಯೂ ಅಚ್ಚಾಗಿಲ್ಲ, ಸರಕಾರದ ಉಬ್ಬರವಿಳಿತದ ಪಟ್ಟಿಯಲ್ಲಿಯೂ ಇಲ್ಲ. ಅದು ಅವರ ಬೆರಳುಗಳಲ್ಲಿ ಇತ್ತು.

ಗಾಳಿಯ ಲೆಕ್ಕ ಇದಕ್ಕಿಂತ ಸುಲಭ. ಬೆಳಗಿನ ಜಾವ ನೆಲದಿಂದ ಕಡಲಿಗೆ, ಹೊತ್ತೇರಿದ ಮೇಲೆ ಕಡಲಿನಿಂದ ನೆಲಕ್ಕೆ. ಆದುದರಿಂದ ಮಸುಕುಮಸುಕಿರುವಾಗಲೇ ಹೊರಟು, ಭರತದೊಡನೆ ಮೇಲಕ್ಕೆ ಹೋಗಿ, ಇಳಿತದೊಡನೆ ಹಿಂದಿರುಗಿ, ಕಡಲಗಾಳಿ ಬಲವಾಗುವುದರೊಳಗೆ ದಡ ಸೇರುವುದು ನನ್ನ ಪದ್ಧತಿ.

ಈಗ ಚಂದ್ರಗಿರಿಯ ವಿಷಯ. ನಮ್ಮ ಜನರಲ್ಲಿ ಬಹುಮಂದಿ ಈ ಹೊಳೆಯನ್ನು ಸೇತುವೆಯ ಮೇಲಿಂದ ಮಾತ್ರ ಕಂಡಿರುವರು. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದಂದಿನಿಂದ ರೈಲಿನ ಕಿಟಕಿಯಲ್ಲಿ, ಅನಂತರ ಬಸ್ಸಿನ ಕಿಟಕಿಯಲ್ಲಿ, ಈಗ ಅವರವರ ವಾಹನಗಳಲ್ಲಿ. ಎಲ್ಲ ಸೇರಿ ಅರ್ಧ ನಿಮಿಷದ ದರ್ಶನ. ಕೊಡಗಿನ ಕಾಡುಗಳಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿಯೆಂದು ಕರೆಯಿಸಿಕೊಂಡು, 105 ಕಿಲೋಮೀಟರು ಹರಿದು, ತಳಂಗರೆಯ ಬಳಿ ಕಡಲನ್ನು ಸೇರುವ ಈ ನದಿಯಷ್ಟು ಕಾಗದದ ಮೇಲೆ ಚರ್ಚಿತವಾದ ನದಿ ನಮ್ಮಲ್ಲಿ ಇನ್ನೊಂದಿಲ್ಲ. ಹಿಂದಿನವರು ಇದನ್ನು ತುಳುನಾಡಿಗೂ ಮಲೆಯಾಳಕ್ಕೂ ನಡುವಣ ಎಲ್ಲೆಯೆಂದು ಹೇಳುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಇದರ ದಕ್ಷಿಣದ ದಡದಲ್ಲಿ ಕೋಟೆಯನ್ನು ಕಟ್ಟಿಸಿದನು. 1956ನೆಯ ನವೆಂಬರ 1ರಂದು ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. 1967ರ ಮಹಾಜನ ಆಯೋಗದ ವರದಿಯಲ್ಲಿ ಚಂದ್ರಗಿರಿ ಪಯಸ್ವಿನಿಗಳ ಉತ್ತರಭಾಗವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಬರೆಯಲ್ಪಟ್ಟಿತು. ವರದಿ ವರದಿಯಾಗಿಯೇ ಉಳಿಯಿತು. ಈ ಸಭೆಯಲ್ಲಿರುವ ಹಿರಿಯರಲ್ಲಿ ಆ ವರದಿಗಾಗಿ ಮೆರವಣಿಗೆ ಹೋದವರಿರುವರು. ಅವರ ಮುಂದೆ ನಾನು ಹೆಚ್ಚಾಗಿ ಹೇಳುವ ಅವಶ್ಯವಿಲ್ಲ.

ನಾನು ಹೇಳಬೇಕೆಂದಿರುವುದು ಬೇರೆ. ಅಷ್ಟು ಬಾರಿ ಹೆಸರೆತ್ತಿದ ಆ ನದಿಯೊಳಗೆ ಏನಿದೆಯೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಭರತದೊಡನೆ ದೋಣಿ ಮೇಲೇರುವಾಗ ಕೋಟೆಯ ಗುಡ್ಡವು ಬೆನ್ನ ಹಿಂದೆ ಬಹಳ ಹೊತ್ತು ಕಾಣುತ್ತಲೇ ಇರುವುದು. ಅನಂತರ ಎರಡೂ ಕಡೆ ತೆಂಗು. ಆ ತೆಂಗುಗಳಲ್ಲಿ ಕೆಲವು ಬೇರುಸಹಿತ ನೀರಿಗೆ ಒರಗಿರುವುದನ್ನು ಕಂಡಾಗ ಮರಳು ಎತ್ತಿದ್ದರ ಫಲವೇನೆಂಬುದು ತಿಳಿಯುವುದು. ನದೀದಡಗಳ ರಕ್ಷಣೆಗಾಗಿ ಕೇರಳದಲ್ಲಿ 2001ರ ಒಂದು ಶಾಸನವೇ ಇದೆ. ಒರಗಿದ ತೆಂಗು ಶಾಸನವನ್ನು ಓದಿಲ್ಲ. ಇನ್ನೂ ಮೇಲಕ್ಕೆ ಬಾವಿಕ್ಕೆರೆ. ಕಾಸರಗೋಡು ಪೇಟೆಯವರು ಕುಡಿಯುವ ನೀರು ಅಲ್ಲಿಯದು. ಬೇಸಗೆಯಲ್ಲಿ ಹೊಳೆಯ ಹರಿವು ಕುಗ್ಗಿದಾಗ ಭರತದ ಉಪ್ಪುನೀರು ಅಲ್ಲಿಯವರೆಗೂ ಏರಿ, ನಲ್ಲಿಗಳಲ್ಲಿ ಉಪ್ಪು ಬರುತ್ತಿದ್ದುದು ಪೇಟೆಯ ಗೃಹಿಣಿಯರಿಗೆ ಚೆನ್ನಾಗಿ ಗೊತ್ತು. ವರ್ಷವರ್ಷವೂ ಮರಳಿನ ಚೀಲಗಳನ್ನು ಒಟ್ಟಿ ತಡೆ ಕಟ್ಟುತ್ತಿದ್ದರು; ಶಾಶ್ವತವಾದ ಕಟ್ಟೆ ಬಂದದ್ದು ಈಚೆಗೆ. ಉಪ್ಪುನೀರು ಭಾರವಾದುದರಿಂದ ಸಿಹಿನೀರಿನ ಅಡಿಯಲ್ಲಿ ನುಸುಳಿಕೊಂಡು ಬರುವುದು. ಮೇಲಿನ ನೀರನ್ನು ಬೊಗಸೆಯಲ್ಲೆತ್ತಿ ಸಿಹಿಯೆಂದು ನಂಬಿದವನು ಹುಟ್ಟನ್ನು ಆಳಕ್ಕೆ ಅದ್ದಿ ಅದರ ತುದಿಯನ್ನು ನೆಕ್ಕಿ ನೋಡಿದರೆ ಉಪ್ಪು! ಇದನ್ನು ನಾನು ವಿದ್ಯಾರ್ಥಿಗಳಿಗೆ ಹೇಳಿದಾಗ ಅವರು ವಿಜ್ಞಾನದ ಮೇಷ್ಟರನ್ನು ಕೇಳಲು ಓಡಿದರು. ನನ್ನ ಮಾತನ್ನು ನಂಬಲಿಲ್ಲ. ಅದೂ ಒಳ್ಳೆಯದೇ.

ಉತ್ತರಕ್ಕೆ ಬಂದರೆ ಮೊಗ್ರಾಲ್, ಕುಂಬಳೆ, ಶಿರಿಯ. ಕುಂಬಳೆಯ ಅಳಿವೆಯಲ್ಲಿ ಇಂದು ಕೆಲವು ಮೀನುಗಾರರ ದೋಣಿಗಳಲ್ಲದೆ ಬೇರೇನೂ ಕಾಣದು. ಆದರೆ 1514ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ ಪ್ರವಾಸಿ ಬಾರ್ಬೋಸನು, ಈ ರೇವಿನಿಂದ ಮಾಲದೀವಿಗೆ ಅಕ್ಕಿ ಹೋಗಿ ಅಲ್ಲಿಂದ ತೆಂಗಿನ ನಾರು ಬರುತ್ತಿದ್ದುದನ್ನು ಬರೆದಿಟ್ಟಿರುವನು. ತೆಂಗಿನ ನಾಡಾದ ನಾವು ಒಂದು ಕಾಲಕ್ಕೆ ನಾರನ್ನು ಹೊರಗಿನಿಂದ ತರಿಸುತ್ತಿದ್ದೆವೆಂಬುದು ನನಗೆ ಬಹಳ ದಿನ ವಿಚಿತ್ರವಾಗಿ ತೋರಿತ್ತು. ಅಳಿವೆಯ ಒಳಗಡೆಯ ಅಂಚಿನಲ್ಲಿ ಕಾಂಡ್ಲಾ ಕಾಡು. ದೊಡ್ಡ ದೋಣಿಗೆ ಎಡೆಯಿಲ್ಲದ ಆ ಸಂದುಗಳಲ್ಲಿ ಕಯಾಕ್ ನುಸುಳುವುದು. ಈ ದೋಣಿಯಿಂದ ನನಗಾದ ಅತಿ ದೊಡ್ಡ ಲಾಭ ಇದೇ ಎನ್ನಬೇಕು. ಮೊಣಕಾಲೂರಿ ನಿಂತಂತಹ ಬೇರುಗಳು, ಅವುಗಳ ನಡುವೆ ಏಡಿ, ಸಿಗಡಿ, ಸಣ್ಣ ಮೀನುಗಳು, ಮೇಲೆ ಮಿಂಚುಳ್ಳಿ. ಕಾಂಡ್ಲಾದಲ್ಲಿ ಒಂದು ಜಾತಿಯ ಬೀಜವು ತಾಯಿಮರದಲ್ಲಿರುವಾಗಲೇ ಮೊಳೆತು, ಗೇಣುದ್ದದ ಕೋಲಾಗಿ ಬೆಳೆದು, ಬಳಿಕ ಬೀಳುವುದು. ಇಳಿತದಲ್ಲಿ ಬಿದ್ದರೆ ಕೆಸರಿಗೆ ನೆಟ್ಟಂತೆ ನಿಲ್ಲುವುದುಂಟು. ಭರತದಲ್ಲಿ ಬಿದ್ದರೆ ತೇಲಿಕೊಂಡು ಬೇರೆ ದಡವನ್ನು ಹುಡುಕುವುದು. ನೆರೆಯ ಕಣ್ಣೂರು ಜಿಲ್ಲೆಯಲ್ಲಿ ಕಲ್ಲೇನ್ ಪೊಕ್ಕುಡನ್ ಎಂಬವರು, 2015ರಲ್ಲಿ ತೀರಿಕೊಂಡರು, ಇಂತಹ ಕೋಲುಗಳನ್ನು ಆಯ್ದು ತಂದು ಬಹುಕಾಲ ಕೆಸರಿನಲ್ಲಿ ನೆಟ್ಟರು.

ಈ ಕಾಂಡ್ಲಾ ಎಂಬ ಶಬ್ದದ ಕಥೆ ಕೇಳತಕ್ಕದ್ದು. ಮಲೆಯಾಳದಲ್ಲಿ ಅದಕ್ಕೆ ಕಂಡಲ್. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡನು ನಮ್ಮ ಕರಾವಳಿಯ ಗಿಡಮರಗಳನ್ನು ಕುರಿತು 12 ಸಂಪುಟಗಳ 'ಹೊರ್ತುಸ್ ಮಲಬಾರಿಕುಸ್' ಗ್ರಂಥವನ್ನು ಮಾಡಿಸಿದಾಗ, ಇಲ್ಲಿಯ ಜನರ ಬಾಯಿಂದ ಕೇಳಿದ ಹೆಸರನ್ನೇ ಬರೆಯಿಸಿದನು. 1678ರಿಂದ 1693ರವರೆಗೆ ಅದು ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರಿಂದಾಗಿ ಇಂದು ಜಗತ್ತಿನ ಸಸ್ಯಶಾಸ್ತ್ರಜ್ಞರೆಲ್ಲರೂ ಕಾಂಡ್ಲಾದ ಒಂದು ಕುಲವನ್ನು ಕಾಂಡೇಲಿಯಾ ಎಂದು ಕರೆಯುವರು. ಯಾರೋ ಒಬ್ಬರು ಕೇಳಿ ಬರೆದುಕೊಂಡದ್ದರಿಂದ ಉಳಿದ ಹೆಸರು ಇದು.

ದಕ್ಷಿಣದಲ್ಲಿ ನೀಲೇಶ್ವರದಿಂದಾಚೆಗೆ ವಲಿಯಪರಂಬದ ಹಿನ್ನೀರಿದೆ. ಕಡಲಿಗೂ ಹಿನ್ನೀರಿಗೂ ನಡುವೆ ಸುಮಾರು 24 ಕಿಲೋಮೀಟರು ಉದ್ದದ ಮರಳಿನ ಪಟ್ಟಿ. ನೀರಿನಲ್ಲಿ ಬಿದಿರಿನ ಚಪ್ಪರಗಳಿಂದ ಹಗ್ಗ ಇಳಿಬಿಟ್ಟು ಪಚ್ಚಿಲೆಯನ್ನು ಬೆಳೆಸುವ ಹೆಂಗಸರು. ಕಯಾಕಿಗೆ ಇದಕ್ಕಿಂತ ಶಾಂತವಾದ ನೀರು ಸಿಕ್ಕದು. ಅಲ್ಲಿಂದ ತೇಜಸ್ವಿನೀ ಹೊಳೆಯನ್ನು ಏರಿದರೆ ಕಯ್ಯೂರು. 1941ರ ಮಾರ್ಚಿಯಲ್ಲಿ ಪೋಲೀಸಿನವನೊಬ್ಬನು ಮುಳುಗಿ ಸತ್ತದ್ದು ಈ ಹೊಳೆಯಲ್ಲಿ. ಆ ಮೊಕದ್ದಮೆಯಲ್ಲಿ ನಾಲ್ವರು ರೈತಯುವಕರನ್ನು 1943ರಲ್ಲಿ ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ನಿರಂಜನರು 1955ರಲ್ಲಿ ಈ ಘಟನೆಯನ್ನು 'ಚಿರಸ್ಮರಣೆ' ಎಂಬ ಕನ್ನಡ ಕಾದಂಬರಿಯಾಗಿ ಬರೆದರು. ಆ ಹೊಳೆಯ ಮೇಲೆ ಹುಟ್ಟು ಹಾಕುವಾಗ ನೀರು ಬಹಳ ನಿಶ್ಶಬ್ದವೆಂದು ನನಗೆ ತೋರಿತು.

ಒಬ್ಬನೇ ಏಕೆ ಹೋಗುವಿರಿ ಎಂದು ಕೇಳುವವರು ಬಹಳ. ನನ್ನ ತಾಯಿಯವರು ಕೇಳುವುದನ್ನು ಬಿಟ್ಟಿರುವರು. ಆದರೆ ನಾನು ಹೊರಡುವ ದಿನ ಅವರು ಮಾತಾಡುವುದಿಲ್ಲ, ಮರಳಿ ಬಂದ ಮೇಲೆಯೇ ಕಾಫಿ ಕುಡಿಯುವರು. ಆದುದರಿಂದ ನನಗೆ ನಾನೇ ಕೆಲವು ಕಟ್ಟುಗಳನ್ನು ಹಾಕಿಕೊಂಡಿರುವೆನು. ಎಲ್ಲಿ ಇಳಿಯುವೆನು, ಎಲ್ಲಿ ಏರುವೆನು, ಎಷ್ಟು ಹೊತ್ತಿಗೆ ಬಾರದಿದ್ದರೆ ಯಾರಿಗೆ ಹೇಳಬೇಕು ಎಂಬ ಚೀಟಿಯನ್ನು ಅಡಿಗೆಮನೆಯ ಬಾಗಿಲಿಗೆ ಅಂಟಿಸಿಯೇ ಹೊರಡುವೆನು. ತೇಲುಕವಚವನ್ನು ನೀರಿಗಿಳಿಯುವ ಮೊದಲು ತೊಡುವೆನು, ದಡಕ್ಕೆ ಬಂದ ಮೇಲೆ ಕಳಚುವೆನು. ಮಳೆಗಾಲದಲ್ಲಿ ಹೊಳೆಗಿಳಿಯುವುದಿಲ್ಲ. ಅಳಿವೆಯ ಬಾಗಿಲಿಗೆ ಇಳಿತದ ಹೊತ್ತಿನಲ್ಲಿ ಹತ್ತಿರ ಸುಳಿಯುವುದಿಲ್ಲ. ಹೊರಕ್ಕೆ ಧಾವಿಸುವ ಹೊಳೆಯೂ ಒಳಕ್ಕೆ ನುಗ್ಗುವ ತೆರೆಯೂ ಸಂಧಿಸುವ ಆ ಜಾಗದಲ್ಲಿ ಅಲೆಗಳು ಗೋಡೆಯಂತೆ ನಿಲ್ಲುವುವು. ದೋಣಿ ಮಗುಚಿದರೆ ಪುನಃ ಏರುವುದನ್ನು ಎದೆಯಷ್ಟು ನೀರಿನಲ್ಲಿ, ಪಕ್ಕದಲ್ಲಿ ಜನರಿರುವಾಗ, ಸಾಕೆನಿಸುವಷ್ಟು ಬಾರಿ ಅಭ್ಯಾಸಮಾಡಿರುವೆನು. ವಿದ್ಯಾರ್ಥಿಗಳು ಇದನ್ನು ಕೇಳಿ ಈಜು ಕಲಿಯದೆ ಹೊಳೆಗೆ ಧುಮುಕತಕ್ಕದ್ದಲ್ಲ. ಒಂಟಿ ದೋಣಿ ಅಪಾಯಕರವೆಂದು ಹೇಳುವವರು ತುಂಬಿದ ದೋಣಿಯನ್ನು ಸಂಶಯವಿಲ್ಲದೆ ಹತ್ತುವರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ, ಹೊತ್ತು ಮುಳುಗಿದ ಮೇಲೆ, ಮಿತಿಮೀರಿ ಜನರನ್ನು ತುಂಬಿದ ವಿಹಾರದ ದೋಣಿ ಮಗುಚಿ 22 ಮಂದಿ ಸತ್ತರು. ಅವರಲ್ಲಿ ಎಷ್ಟೋ ಮಕ್ಕಳು.

ಇನ್ನು ಒಬ್ಬನೇ ಹೋಗುವುದರ ಕಾರಣ. ಇಬ್ಬರು ಹೋದರೆ ಅವರು ತಮ್ಮತಮ್ಮೊಳಗೆ ಮಾತಾಡುವರು. ದಡದವರು ಅವರನ್ನು ಮಾತಾಡಿಸುವುದಿಲ್ಲ. ಒಬ್ಬನೇ ಬಂದರೆ ಬಲೆ ಬೀಸುವವನು, ಮರುವಾಯಿ ಹೆಕ್ಕುವವಳು, ಬಟ್ಟೆ ಒಗೆಯುವವರು, ಎಲ್ಲರೂ ಕೇಳುವರು: ಯಾವ ಊರು, ಯಾರ ಮನೆ, ಎಲ್ಲಿಗೆ? ಒಬ್ಬರು ತುಳುವಿನಲ್ಲಿ, ಒಬ್ಬರು ಮಲೆಯಾಳದಲ್ಲಿ, ಒಬ್ಬರು ಬ್ಯಾರಿಯಲ್ಲಿ, ಒಬ್ಬರು ಕೊಂಕಣಿಯಲ್ಲಿ, ಒಬ್ಬರು ಕನ್ನಡದಲ್ಲಿ. ನಾನು ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳುವೆನು: ಈ ಜಾಗಕ್ಕೆ ಏನೆನ್ನುವಿರಿ? ಹೊಳೆಯೊಳಗೆ ಹೆಸರಿಲ್ಲದ ಜಾಗವೇ ಇಲ್ಲವೆಂಬುದು ನನಗೆ ತಿಳಿದದ್ದು ಹೀಗೆ. ಒಂದೊಂದು ಕುದ್ರುವಿಗೆ, ಒಂದೊಂದು ಕಯಕ್ಕೆ, ನೀರೊಳಗಿನ ಬಂಡೆಗೆ, ತಿರುವಿಗೆ, ಕಡವಿಗೆ ಒಂದೊಂದು ಹೆಸರು. ಆ ಶಬ್ದಗಳನ್ನು ನೋಡಿರಿ. ನಮ್ಮ ಅಳಿವೆಯೂ ಮಲೆಯಾಳದ ಅಳಿಯೂ ಒಂದೇ ಬೇರಿನವು. ನಾವು ಬಹಳ ಹಿಂದೆಯೇ ಕೈಬಿಟ್ಟ ೞಕಾರವನ್ನು ಅವರು ಇಟ್ಟುಕೊಂಡಿರುವರು, ಅಷ್ಟೆ. ಕಡವು ಮೂರೂ ಭಾಷೆಗಳ ಸೊತ್ತು. ದಡಗಳಲ್ಲಿ ಭಾಷೆಗಾಗಿ ನಡೆದ ನ್ಯಾಯ ನ್ಯಾಯವೇ. ನಮ್ಮ ಮಕ್ಕಳಿಗೆ ಕನ್ನಡ ಶಾಲೆ ಬೇಕೆಂಬುದರಲ್ಲಿ ನಾನು ಯಾರಿಗೂ ಹಿಂದೆ ಬೀಳೆನು. ಆದರೆ ಹೊಳೆಯ ಹೆಸರುಗಳನ್ನು ಒಂದು ಭಾಷೆಯವರು ಮಾತ್ರ ಕುಳಿತು ಬರೆದರೆ ಅರ್ಧದಷ್ಟೂ ಸಿಕ್ಕವು.

ಮೇಲೆ ಹೇಳಿದ ಅಂಬಿಗರು ಚಂದ್ರಗಿರಿಯ ಒಂದೇ ಹರವಿನಲ್ಲಿ ಇಪ್ಪತ್ತಕ್ಕೂ ಮೇಲ್ಪಟ್ಟು ಹೆಸರುಗಳನ್ನು ನನಗೆ ಹೇಳಿದರು. ಸೇತುವೆಯಾದ ಮೇಲೆ ಅವರ ಕಡವು ನಿಂತಿತು. ದೋಣಿ ಮರದಡಿಯಲ್ಲಿ ಕೆಲವು ಕಾಲ ಕವುಚಿಬಿದ್ದಿದ್ದು ಕೊನೆಗೆ ಸೌದೆಯಾಯಿತು. ಹೋದ ವರ್ಷ ಅವರೂ ತೀರಿಕೊಂಡರು. ಅವರ ಮೊಮ್ಮಗನು ನನ್ನ ತರಗತಿಯಲ್ಲಿಯೇ ಓದುತ್ತಿರುವನು, ಬುದ್ಧಿವಂತ ಹುಡುಗ, ಕನ್ನಡದಲ್ಲಿ ಒಳ್ಳೆಯ ಅಂಕಗಳು. ಅವನಿಗೆ ಆ ಹೆಸರುಗಳಲ್ಲಿ ಎರಡು ಗೊತ್ತಿವೆ. ಹುಡುಗನ ದೋಷ ಇದರಲ್ಲಿ ಏನಿದೆ? ಅವನು ಹುಟ್ಟುವ ಮೊದಲೇ ಸೇತುವೆ ಇತ್ತು. ನೀರಿನ ಮೇಲೆ ಹೋಗಬೇಕಾದ ಕೆಲಸ ಅವನಿಗೆ ಬರಲೇ ಇಲ್ಲ.

ಆ ಹೆಸರುಗಳನ್ನು ನಾನು ಇಲ್ಲಿ ಓದುವುದಿಲ್ಲ. ಒಬ್ಬರೇ ಹೇಳಿದ್ದನ್ನು ಇನ್ನೊಬ್ಬರ ಬಾಯಿಂದ ಕೇಳಿ ತಾಳೆನೋಡದೆ ಅಚ್ಚಿಗೆ ಕೊಡುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ತಪ್ಪು ಹೆಸರು ಒಮ್ಮೆ ಅಚ್ಚಾದರೆ ಸರಿಯಾದುದಕ್ಕಿಂತ ಗಟ್ಟಿಯಾಗಿ ನಿಲ್ಲುವುದು. ಆದುದರಿಂದ ಈ ಸಂಘದ ಮುಂದೆ ನನ್ನ ಪ್ರಾರ್ಥನೆ ಇಷ್ಟು. ಪ್ರತಿಯೊಂದು ಹೊಳೆಗೂ ಒಂದು ಪುಸ್ತಕವನ್ನು ಇಡೋಣ. ಹೆಸರು, ಅದು ಇರುವ ಜಾಗ, ಹೇಳಿದವರು, ಹೇಳಿದ ಭಾಷೆ, ಇಷ್ಟನ್ನೇ ಬರೆಯೋಣ. ಇದಕ್ಕೆ ನನ್ನ ದೋಣಿಯೇ ಬೇಕೆಂದಿಲ್ಲ. ಮನೆಯಲ್ಲಿ ಅಜ್ಜ, ಅಜ್ಜಿ, ಹಳೆಯ ಬಲೆಗಾರರು ಇರುವ ಯಾವ ವಿದ್ಯಾರ್ಥಿಯೂ ನಾಳೆಯೇ ಒಂದು ಪುಟವನ್ನು ತುಂಬಬಹುದು. ಮುಂದಿನ ವರ್ಷದ ಸಂಚಿಕೆಯಲ್ಲಿ ಅದರ ಮೊದಲ ಭಾಗಕ್ಕೆ ಕೆಲವು ಪುಟಗಳನ್ನು ಬಿಟ್ಟುಕೊಡುವಂತೆ ಕಾರ್ಯದರ್ಶಿಗಳನ್ನು ಬೇಡುತ್ತೇನೆ.

ನನ್ನಲ್ಲಿ ಈಗ ಚಂದ್ರಗಿರಿಯ ಪುಸ್ತಕ ಅರ್ಧ ತುಂಬಿದೆ, ಶಿರಿಯದ್ದು ಸ್ವಲ್ಪ, ಉಪ್ಪಳ ಮತ್ತು ಮಂಜೇಶ್ವರದ ಹೊಳೆಗಳ ಪುಟಗಳು ಬರಿದು. ಗೋವಿಂದ ಪೈಗಳ ಊರಿನ ಆ ಹೊಳೆಯ ಉದ್ದ 16 ಕಿಲೋಮೀಟರು ಮಾತ್ರ. ಒಂದು ಬೇಸಗೆಯ ರಜೆ ಸಾಕು. ಆ ಕಡೆಯವರು ಯಾರಾದರೂ ಸಭೆಯಲ್ಲಿದ್ದರೆ, ಕಾರ್ಯಕ್ರಮ ಮುಗಿದ ಮೇಲೆ ನಾನು ಬಾಗಿಲ ಬಳಿ ಪುಸ್ತಕ ಹಿಡಿದು ನಿಂತಿರುವೆನು.